‘ಬೇಡವಾದರೆ ಬಿಡಲಿ’ ಎನ್ನುವ ಮುನ್ನ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳೇ,

2025ರ ಜನವರಿ 10ರಂದು, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನದಿಂದ ಕೂತಿದ್ದ ಆಶಾ ಕಾರ್ಯಕರ್ತೆಯರನ್ನು ಮನೆಗೆ ಕಳಿಸಿದ್ದು ತಮ್ಮ ಒಂದು ಮಾತು. ಕೇಂದ್ರ, ರಾಜ್ಯಗಳ ಹಣ ಸೇರಿಸಿ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಖಾತ್ರಿ ಎಂದು ತಾವು ಹೇಳಿದಿರಿ. ಅವರು ನಂಬಿ ಎದ್ದರು. ಏಪ್ರಿಲ್ ಬಂತು, ಹೋಯಿತು. ಆದೇಶದ ಪ್ರತಿಗಾಗಿ ಮನವಿಗಳು ಹೋದವು, ಮನವಿಗಳಿಗೆ ಸ್ವೀಕೃತಿಯ ಮೊಹರು ಬಿತ್ತು, ಆಗಸ್ಟ್‌ನಲ್ಲಿ ಮತ್ತೆ ಮೂರು ದಿನ ಅಹೋರಾತ್ರಿ ಧರಣಿ ನಡೆಯಿತು. ಇದೆಲ್ಲ ತಮಗೆ ಗೊತ್ತಿರುವುದೇ. ಹಾಗಿದ್ದೂ ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದು, ಈ ಹೆಣ್ಣುಮಕ್ಕಳ ಬಗ್ಗೆ ಚಾವಡಿಯಲ್ಲೂ ಕಚೇರಿಯಲ್ಲೂ ಸಲೀಸಾಗಿ ಓಡಾಡುವ ಒಂದು ಉತ್ತರದಿಂದಾಗಿ: ‘ಅಷ್ಟು ಕಷ್ಟವಾದರೆ ಬಿಡಲಿ, ಬರುವವರು ಬೇಕಾದಷ್ಟಿದ್ದಾರೆ.’ ಕೆಲಸ ಬಿಡಬೇಕೋ ಇರಬೇಕೋ ಎಂಬುದು ರಾಜ್ಯದ ಸುಮಾರು 42 ಸಾವಿರ ಮನೆಗಳಲ್ಲಿ ದಿನವೂ ಏಳುವ ಪ್ರಶ್ನೆ. ಅದನ್ನು ಆಶಾಳ ವೈಯಕ್ತಿಕ ಆಯ್ಕೆ ಎಂದು ನೋಡುವುದೇ ತಪ್ಪು ಎಂಬುದು ನನ್ನ ವಾದ. ಇರುವುದಕ್ಕೂ ಬಿಡುವುದಕ್ಕೂ ಬೆಲೆ ಕಟ್ಟಿದ್ದು ಸರ್ಕಾರ, ತೆರುತ್ತಿರುವವಳು ಆಕೆ.

ಕಾಯಂ ನೌಕರಿಯಲ್ಲಿರುವವರು ರಾಜೀನಾಮೆಯ ಬಗ್ಗೆ ಯೋಚಿಸುವಾಗ ಒಂದು ಲೆಕ್ಕ ಹಾಕುತ್ತಾರೆ: ಪಿಎಫ್ ಎಷ್ಟಿದೆ, ಗ್ರ್ಯಾಚುಟಿ ಎಷ್ಟು ಬರುತ್ತದೆ, ಅನುಭವ ಪತ್ರ ಹಿಡಿದು ಎಲ್ಲಿಗೆ ಹೋಗಬಹುದು. ಆಶಾಳ ಲೆಕ್ಕದಲ್ಲಿ ಇವಾವುವೂ ಇಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಕಡತದಲ್ಲಿ ಆಕೆಯನ್ನು ಸ್ವಯಂಸೇವಕಿ ಎಂದು ಬರೆದರು. ಇಪ್ಪತ್ತು ವರ್ಷವಾದರೂ ಆ ಕಡತ ಬದಲಾಗಿಲ್ಲ. ಬಿಡುವವಳಿಗೆ ಸಿಗುವುದು ಕೇಂದ್ರದ ಒಂದು ಇಡಿಗಂಟು. ಅದು ಮೊದಲು 20 ಸಾವಿರ ಇತ್ತು, 2025ರಲ್ಲಿ 50 ಸಾವಿರಕ್ಕೆ ಏರಿಸಿದರು. ಕನಿಷ್ಠ ಹತ್ತು ವರ್ಷ ದುಡಿದಿರಬೇಕು. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ನಾನೂರ ಹದಿನಾರು ರೂಪಾಯಿ ಚಿಲ್ಲರೆ. ಒಂಬತ್ತೂವರೆ ವರ್ಷಕ್ಕೆ ಸುಸ್ತಾಗಿ ಬಿಟ್ಟವಳಿಗೆ ಅದೂ ಇಲ್ಲ. ಹೀಗಿರುವಾಗ ‘ಬಿಡಲಿ’ ಎನ್ನುವುದು ಸಲಹೆಯೂ ಅಲ್ಲ, ಸ್ವಾತಂತ್ರ್ಯವೂ ಅಲ್ಲ. ಬರಿಗೈಯಲ್ಲಿ ಹೊರಡು ಎಂದಷ್ಟೇ ಅದರ ಅರ್ಥ.

ಹಾಗಾದರೆ ಇರುವುದು ಎಂದರೇನು? ಒಂದೇ ಒಂದು ಕೆಲಸವನ್ನು ಬಿಡಿಸಿ ನೋಡೋಣ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಹೋಗಿ ನೋಡಬೇಕು. ಕೈ ತೊಳೆದು, ಕೂಸನ್ನು ಜೋಲಿಯ ತಕ್ಕಡಿಯಲ್ಲಿ ತೂಗಿ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಉಸಿರು ಎಣಿಸಿ, ಹೊಕ್ಕುಳು ಕೀವಾಗಿದೆಯೇ, ಹಾಲು ಕಚ್ಚಿ ಕುಡಿಯುತ್ತಿದೆಯೇ ಎಂದು ನೋಡಬೇಕು. ತಾಯಿಗೆ ರಕ್ತಸ್ರಾವ, ಜ್ವರ ಇದೆಯೇ ಎಂದು ವಿಚಾರಿಸಬೇಕು. ಮಗುವಿಗೆ ಬಿಸಿನೀರು, ಬಜೆ ಹಾಕುವ ಅಜ್ಜಿಯ ಜೊತೆ ಜಗಳವಾಗದಂತೆ ವಾದ ಮಾಡಬೇಕು, ಆಮೇಲೆ ಫಾರಂ ತುಂಬಬೇಕು. ಆರೂ ಭೇಟಿಗೆ ಸೇರಿ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಯೂ ಆಗುವುದಿಲ್ಲ. ಗರ್ಭಿಣಿಯರ ನೋಂದಣಿ, ಲಸಿಕೆ, ಕ್ಷಯರೋಗಿಗಳ ಮಾತ್ರೆ, ಸಮೀಕ್ಷೆಯ ಮೇಲೆ ಸಮೀಕ್ಷೆ, ಇವೆಲ್ಲಕ್ಕೂ ಹೀಗೆಯೇ ತುಂಡು ತುಂಡು ದರ. ಅದಕ್ಕಿಂತ ಕೆಟ್ಟದ್ದೆಂದರೆ, ಮಾಡಿದ ಕೆಲಸ ತಾಯಿ-ಮಗುವಿನ ಆರೋಗ್ಯ ದಾಖಲೆಯ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಸರಿಯಾಗಿ ನಮೂದಾಗದಿದ್ದರೆ ಹಣವಿಲ್ಲ. ನಮೂದಿಸುವುದು ಆಕೆಯ ಕೈಯಲ್ಲಿಲ್ಲ, ಸರ್ವರ್ ಆಕೆಯದಲ್ಲ, ಖೋತಾ ಮಾತ್ರ ಆಕೆಯದು. ಯಾರನ್ನು ಕೇಳಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದವರು ತಾಲ್ಲೂಕಿನತ್ತ, ತಾಲ್ಲೂಕಿನವರು ಜಿಲ್ಲೆಯತ್ತ ಬೊಟ್ಟು ತೋರಿಸುತ್ತಾರೆ. ಕೆಲಸ ಹೇಳಲು ಹತ್ತು ಜನ, ಹೊಣೆ ಹೊರಲು ಒಬ್ಬರೂ ಇಲ್ಲ.

ಇದು ದಿನಕ್ಕೆ ಎರಡು ಮೂರು ಗಂಟೆಯ ಬಿಡುವಿನ ಸೇವೆ, ಪೂರ್ಣಾವಧಿ ಸಂಬಳ ಕೇಳುವುದು ಸರಿಯಲ್ಲ ಎಂಬ ಆಕ್ಷೇಪ ಹಳೆಯದು. ಕಾಗದದ ಮೇಲೆ ಅದು ಸರಿ ಇತ್ತು. ಹೆರಿಗೆ ನೋವು ಕಚೇರಿ ವೇಳೆ ನೋಡಿ ಬರುವುದಿಲ್ಲ ಎಂಬುದನ್ನು ಬದಿಗಿಟ್ಟರೂ, ವರ್ಷದಿಂದ ವರ್ಷಕ್ಕೆ ಕೆಲಸದ ಪಟ್ಟಿಗೆ ಹೊಸ ಸಾಲು ಸೇರಿಸುತ್ತ ಹೋದದ್ದು ಸರ್ಕಾರಗಳೇ. ಕೋವಿಡ್‌ನಲ್ಲಿ ಮನೆಮನೆ ಸಮೀಕ್ಷೆಗೆ ಹೋಗಿ ಬೈಗುಳ, ಕೆಲವೆಡೆ ಏಟು ತಿಂದದ್ದು ಬಿಡುವಿನ ಸೇವೆಯೇ? 2013ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ 45ನೇ ಅಧಿವೇಶನ ಇಂಥ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಬೇಕೆಂದು ಶಿಫಾರಸು ಮಾಡಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರ್ಯಾಚುಟಿ ಸಲ್ಲಬೇಕೆಂದಿತು. ಕೊಡುವುದು ಬರೀ ಗೌರವಧನ ಎಂಬ ವಾದವನ್ನು ಒಪ್ಪಲಿಲ್ಲ. ಅದಾದ ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಅಭಿನಂದನೆ ಹೇಳುವಾಗ ಎಲ್ಲರೂ ‘ನಮ್ಮ ಆಶಾ’ ಎಂದರು. ಹಣದ ಮಾತು ಬಂದಾಗ ಆಕೆ ಮತ್ತೆ ಸ್ವಯಂಸೇವಕಿ.

ಇನ್ನು ‘ಬರುವವರು ಬೇಕಾದಷ್ಟಿದ್ದಾರೆ’ ಎಂಬುದು. ಇರಬಹುದು. ಹತ್ತನೇ ಕ್ಲಾಸು ಓದಿ ಹಳ್ಳಿಯಲ್ಲೇ ಉಳಿದ ಹೆಣ್ಣುಮಕ್ಕಳಿಗೆ ಬೇರೆ ಕೆಲಸವೇ ಇಲ್ಲ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಈ ಕೆಲಸ ಚೆನ್ನಾಗಿದೆ ಎಂದಲ್ಲ. ಬಿಟ್ಟು ಹೋಗುವವಳ ಜೊತೆ ಹೋಗುವುದೇನು ಎಂಬುದನ್ನೂ ನೋಡಿ. ಕರ್ನಾಟಕದಲ್ಲಿ 2004-06ರಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಆ ಇಳಿಕೆ ಪೂರ್ತಿ ಆಶಾಗಳದ್ದೇ ಎಂದು ನಾನು ಹೇಳುವುದಿಲ್ಲ. 108 ಆಂಬುಲೆನ್ಸ್ ಇದೆ, ದಾದಿಯರಿದ್ದಾರೆ, ವೈದ್ಯರಿದ್ದಾರೆ. ಆದರೆ ಗರ್ಭಿಣಿ ಆಂಬುಲೆನ್ಸ್ ಹತ್ತುವ ಮೊದಲು ಯಾರೋ ಒಬ್ಬರು ಆಕೆಯ ಅತ್ತೆಯನ್ನು ಒಪ್ಪಿಸಿರುತ್ತಾರೆ. ಯಾವ ಮನೆಯಲ್ಲಿ ಗಂಡ ಕುಡಿಯುತ್ತಾನೆ, ಯಾವ ಹುಡುಗಿ ಬಸಿರು ಮುಚ್ಚಿಟ್ಟಿದ್ದಾಳೆ ಎಂಬುದು ತಾಯಿ ಕಾರ್ಡಿನಲ್ಲಿ ಇರುವುದಿಲ್ಲ. ಅದು ವರ್ಷಗಟ್ಟಲೆ ನಡೆದವಳ ತಲೆಯಲ್ಲಿರುತ್ತದೆ, ಆಕೆ ಬಿಟ್ಟರೆ ಆಕೆಯ ಜೊತೆಗೇ ಹೋಗುತ್ತದೆ. ಹೊಸಬಳಿಗೆ ಸೀರೆ, ಬ್ಯಾಗು ಕೊಡಬಹುದು, ತರಬೇತಿಯನ್ನೂ ಕೊಡಬಹುದು; ಈ ತಿಳಿವಳಿಕೆಯನ್ನು ಕೊಡಲಾಗದು. ಆಕೆ ಬಿಡುವುದರಿಂದ ನಿಮಗೆ ನಷ್ಟವಿಲ್ಲ ಎಂದು ಕಾಣುತ್ತಿರುವುದು, ಈ ನಷ್ಟವನ್ನು ಬರೆಯುವ ಕಾಲಂ ನಿಮ್ಮ ಯಾವ ಪೋರ್ಟಲ್‌ನಲ್ಲೂ ಇಲ್ಲದ ಕಾರಣಕ್ಕೆ.

ಇದು ಕೇಂದ್ರದ ಯೋಜನೆ, ರಾಜ್ಯದ ಕೈ ಕಟ್ಟಿದೆ ಎನ್ನುತ್ತೀರಾ? ಕೇಂದ್ರದ ಜಿಪುಣತನ ನನಗೂ ಗೊತ್ತು. ವರ್ಷಗಳ ಕಾಲ 2 ಸಾವಿರಕ್ಕೆ ನಿಂತಿದ್ದ ಅದರ ನಿಶ್ಚಿತ ಪಾಲು 2025ರಲ್ಲಷ್ಟೇ 3,500ಕ್ಕೆ ಏರಿತು. ಆದರೆ ಜನವರಿ 10ರಂದು ಮಾತು ಕೊಟ್ಟದ್ದು ದಿಲ್ಲಿ ಅಲ್ಲ. ರಾಜ್ಯದ 5 ಸಾವಿರ, ಕೇಂದ್ರದ 3,500 ಸೇರಿಸಿದರೆ ಉಳಿಯುವ ಕೊರತೆ 1,500. 42 ಸಾವಿರ ಜನರಿಗೆ ವರ್ಷಕ್ಕೆ ಸುಮಾರು 76 ಕೋಟಿ. ಗ್ಯಾರಂಟಿ ಯೋಜನೆಗಳಿಗೆ 2025-26ರ ಬಜೆಟ್ಟಿನಲ್ಲಿ 51 ಸಾವಿರ ಕೋಟಿಗೂ ಹೆಚ್ಚು ತೆಗೆದಿಟ್ಟ ಸರ್ಕಾರಕ್ಕೆ ಇದು ಭಾರವೇ? ಗ್ಯಾರಂಟಿಗಳನ್ನು ನಾನು ವಿರೋಧಿಸುತ್ತಿಲ್ಲ, ಆ ಹಣದ ದೊಡ್ಡ ಪಾಲು ಹೆಣ್ಣುಮಕ್ಕಳ ಕೈಗೇ ಹೋಗುತ್ತಿದೆ. ಆದರೆ ಮತ ಕೇಳುವಾಗ ಕೊಟ್ಟ ಖಾತ್ರಿಗೆ ಆದೇಶ, ಧರಣಿ ಏಳಿಸುವಾಗ ಕೊಟ್ಟ ಖಾತ್ರಿಗೆ ಮೌನ ಎಂದರೆ ಏನೆಂದು ತಿಳಿಯಬೇಕು? ಕೆಲಸವಾರು ಸಿಗುವ ಪ್ರೋತ್ಸಾಹಧನ ಸೇರಿಸಿದರೆ ಹಲವರಿಗೆ ಹತ್ತು ಸಾವಿರ ದಾಟುತ್ತದೆ ಎಂಬ ಜಾಣ ಲೆಕ್ಕವನ್ನಂತೂ ದಯವಿಟ್ಟು ಮುಂದಿಡಬೇಡಿ. ಊರಿನಲ್ಲಿ ಆ ತಿಂಗಳು ಎಷ್ಟು ಹೆರಿಗೆಯಾಯಿತು ಎಂಬುದರ ಮೇಲೆ ನಿಂತಿರುವುದು ಕನಿಷ್ಠ ಖಾತ್ರಿ ಹೇಗಾಗುತ್ತದೆ? ಅಷ್ಟಕ್ಕೂ ಆ ಹತ್ತು ಸಾವಿರ ಎಷ್ಟು ದೊಡ್ಡದು? 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 27 ದಿನ ಮಣ್ಣು ಹೊತ್ತರೆ 9,990. ಮಾತು ತಪ್ಪಲು ಇಷ್ಟು ಚಿಕ್ಕ ಮೊತ್ತವನ್ನು ಆರಿಸಿಕೊಂಡಿರಲ್ಲ!

ಅಂಗನವಾಡಿ, ಬಿಸಿಯೂಟ, ಹೊರಗುತ್ತಿಗೆಯ ದಾದಿಯರು, ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು, ಎಲ್ಲರ ಕಥೆಯೂ ಹೆಚ್ಚುಕಡಿಮೆ ಇದೇ. ಕಾಯಂ ಕೆಲಸವನ್ನು ತಾತ್ಕಾಲಿಕ ಜನರಿಂದ ಮಾಡಿಸಿ, ಅವರು ಬಿಡಲಾರರು ಎಂಬ ಧೈರ್ಯದ ಮೇಲೆ ಆಡಳಿತ ನಡೆಸುವುದು ಎಲ್ಲ ಪಕ್ಷಗಳಿಗೂ ರೂಢಿಯಾಗಿದೆ. ಇಲ್ಲಿ ಕೇಳುತ್ತಿರುವುದು ಮಾತ್ರ ಇಷ್ಟು. ಹತ್ತು ಸಾವಿರದ ಖಾತ್ರಿಗೆ, ಪ್ರೋತ್ಸಾಹಧನವನ್ನು ಅದರೊಳಗೆ ತುರುಕದೆ, 2025ರ ಏಪ್ರಿಲ್‌ನಿಂದ ಲೆಕ್ಕ ಹಿಡಿದು ಆದೇಶ ಹೊರಡಿಸಿ. ಪೋರ್ಟಲ್‌ನ ತಪ್ಪಿಗೆ ಆಕೆಯ ಹಣ ಹಿಡಿಯುವುದನ್ನು ನಿಲ್ಲಿಸಿ. ಆಕೆಯ ಕೆಲಸ ಯಾವುದು, ಯಾವುದಲ್ಲ ಎಂಬುದನ್ನು ಬರೆದು ಕೊಡಿ. ಬಿಟ್ಟು ಹೋಗುವವಳಿಗೆ ದುಡಿದ ಪ್ರತಿ ವರ್ಷಕ್ಕೂ, ಹತ್ತು ವರ್ಷ ತುಂಬಲಿ ತುಂಬದಿರಲಿ, ರಾಜ್ಯದ ಖಜಾನೆಯಿಂದ ಹಣ ಕೊಡಿ. ಅಷ್ಟಾದ ಮೇಲೆ ನಿಮ್ಮ ಅಧಿಕಾರಿಗಳು ‘ಬೇಡವಾದರೆ ಬಿಡಲಿ’ ಎಂದರೆ ನನ್ನದೇನೂ ತಕರಾರಿಲ್ಲ. ಆದೇಶ ಹೊರಡಿಸುವ ಉದ್ದೇಶವೇ ಇಲ್ಲವಾದರೆ ಅದನ್ನಾದರೂ ಅವರಿಗೆ ನೇರವಾಗಿ ಹೇಳಿಬಿಡಿ, ಮುಂದಿನ ಏಪ್ರಿಲ್ ಎಂದು ಕಾಯುತ್ತ ಕೂರುವುದಾದರೂ ತಪ್ಪುತ್ತದೆ.

ಇಂತಿ,
ಉತ್ತರದ ನಿರೀಕ್ಷೆಯಲ್ಲಿರುವ ಒಬ್ಬ ಪ್ರಜೆ