ಇಪ್ಪತ್ತು ಜನರಿಗೆ ಬೇಕ್ಡ್ ಪಾಸ್ತಾ: ದೊಡ್ಡ ಟ್ರೇ ತಣ್ಣಗಾಗುವಾಗ ಒಳಗೆ ಏನಾಗುತ್ತದೆ?

"ಉಳಿದ ಪಾಸ್ತಾ ಬಿಸಿ ಮಾಡಿ ತಿಂದ ವಿದ್ಯಾರ್ಥಿ ಮಲಗಿದಲ್ಲೇ ಸಾವು" ಎಂಬ ಸುದ್ದಿ ಕೆಲವು ವರ್ಷಗಳಿಂದ ಜಾಲತಾಣಗಳಲ್ಲಿ ಮತ್ತೆ ಮತ್ತೆ ತಲೆ ಎತ್ತುತ್ತಿದೆ. ಅದರ ಜೊತೆಗೆ "ಪಾಸ್ತಾ ಅಂದರೆ ಬರೀ ಮೈದಾ", "ಬಿಸಿ ಅಡುಗೆಯನ್ನು ಫ್ರಿಜ್‌ನಲ್ಲಿಟ್ಟರೆ ವಿಷವಾಗುತ್ತದೆ", "ಓವನ್‌ನಲ್ಲಿ ಬೇಯಿಸಿದರೆ ಯಾವ ಕ್ರಿಮಿಯೂ ಉಳಿಯುವುದಿಲ್ಲ" ಎಂಬ ಮಾತುಗಳೂ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಇದನ್ನು ತಿಳಿಯಲು ನಾವು ಬೇಕ್ಡ್ ಪಾಸ್ತಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೇಯಿಸಿದ ಪಾಸ್ತಾಕ್ಕೆ ಸಾಸ್ ಬೆರೆಸಿ, ಮೇಲೆ ಚೀಸ್ ಉದುರಿಸಿ, ಓವನ್‌ನಲ್ಲಿ ಇಟ್ಟು ತೆಗೆಯುವ ತಿನಿಸು ಇದು. ದಕ್ಷಿಣ ಇಟಲಿಯಲ್ಲಿ ಭಾನುವಾರದ ಮತ್ತು ಹಬ್ಬದ ಊಟ. ಅಲ್ಲಿಂದ ವಲಸೆ ಹೋದವರು ಇದನ್ನು ಅಮೆರಿಕಕ್ಕೂ ಒಯ್ದರು. ಈಗ ನಮ್ಮೂರಿನ ಹುಟ್ಟುಹಬ್ಬ, ಅಪಾರ್ಟ್‌ಮೆಂಟ್ ಪಾರ್ಟಿಗಳಿಗೂ ಬಂದಿದೆ. ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದು, ಒಂದೇ ಟ್ರೇಯಲ್ಲಿ ಎಲ್ಲರಿಗೂ ಬಡಿಸಬಹುದು ಎಂಬುದೇ ಇದರ ದೊಡ್ಡ ಅನುಕೂಲ. ಆದರೆ ಎಚ್ಚರ ತಪ್ಪಿದರೆ ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಆ ವಿದ್ಯಾರ್ಥಿಯ ಸುದ್ದಿ ನಿಜವೇ?

ನಿಜ. ಘಟನೆ ನಡೆದದ್ದು 2008ರಲ್ಲಿ, ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನಗಳ ಹಿಂದೆ ಮಾಡಿ, ಫ್ರಿಜ್‌ಗೆ ಸೇರಿಸದೆ ಅಡುಗೆಮನೆಯಲ್ಲೇ ಇಟ್ಟಿದ್ದ ಸ್ಪಾಗೆಟ್ಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದ. ಸುಮಾರು ಅರ್ಧ ಗಂಟೆಯಲ್ಲಿ ತಲೆನೋವು, ಹೊಟ್ಟೆನೋವು, ವಾಕರಿಕೆ ಶುರುವಾಯಿತು. ಗಂಟೆಗಟ್ಟಲೆ ವಾಂತಿ ಮಾಡಿಕೊಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಉಳಿದಿದ್ದ ಸ್ಪಾಗೆಟ್ಟಿಯಲ್ಲಿ 'ಬ್ಯಾಸಿಲಸ್ ಸಿರಿಯಸ್' ಎಂಬ ಬ್ಯಾಕ್ಟೀರಿಯಾ ಅಪಾರ ಪ್ರಮಾಣದಲ್ಲಿತ್ತು. ಮರಣೋತ್ತರ ಪರೀಕ್ಷೆ ತಡವಾಗಿದ್ದರಿಂದ ವೈದ್ಯರು ಸಾವಿನ ಕಾರಣವನ್ನು ನೂರಕ್ಕೆ ನೂರು ಖಚಿತಪಡಿಸಲಿಲ್ಲ. ಈ ಬ್ಯಾಕ್ಟೀರಿಯಾದ ವಿಷವೇ ಕಾರಣವಿರುವ ಸಾಧ್ಯತೆ ಹೆಚ್ಚು ಎಂದರು. 2011ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ವರದಿ ಪ್ರಕಟವಾಯಿತು.

ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಇನ್ನೊಂದು ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಅದೂ ಬೆಲ್ಜಿಯಂನದ್ದೇ, 2003ರ ಆಗಸ್ಟ್‌ನದು. ಶುಕ್ರವಾರ ಮಾಡಿದ ಪಾಸ್ತಾ ಸಲಾಡ್ ಶನಿವಾರ ಪಿಕ್‌ನಿಕ್‌ಗೆ ಹೋಗಿ ಬಂತು. ಉಳಿದದ್ದು ಫ್ರಿಜ್ ಸೇರಿತು. ಸೋಮವಾರ ರಾತ್ರಿ ಅದನ್ನೇ ಮಕ್ಕಳಿಗೆ ಬಡಿಸಿದರು. ತಿಂದ ಐವರು ಮಕ್ಕಳೂ ಕಾಯಿಲೆ ಬಿದ್ದರು. 7 ವರ್ಷದ ಹುಡುಗಿಯೊಬ್ಬಳು ಯಕೃತ್ತು ವಿಫಲವಾಗಿ ತೀರಿಕೊಂಡಳು. ಆಮೇಲೆ ನೋಡಿದರೆ ಆ ಫ್ರಿಜ್‌ನ ಒಳಗಿನ ಉಷ್ಣತೆ 14 ಡಿಗ್ರಿ ಸೆಲ್ಸಿಯಸ್ ಇತ್ತು. ಇರಬೇಕಾದದ್ದು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ.

ಇಂಥ ಸಾವುಗಳು ತೀರಾ ಅಪರೂಪ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ. ಈ ಬ್ಯಾಕ್ಟೀರಿಯಾದಿಂದ ಹೊಟ್ಟೆ ಕೆಟ್ಟವರಲ್ಲಿ ಬಹುತೇಕರು ಒಂದು ದಿನದೊಳಗೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಪಾಸ್ತಾ ಕಂಡರೆ ಓಡಬೇಕಾಗಿಲ್ಲ. ಆದರೆ ಇಪ್ಪತ್ತು ಜನರಿಗೆ ಒಂದೇ ಪಾತ್ರೆಯಿಂದ ಬಡಿಸುವಾಗ ತಪ್ಪೊಂದಾದರೆ ಇಪ್ಪತ್ತು ಜನಕ್ಕೂ ತಟ್ಟುತ್ತದೆ. ಅವರಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುತ್ತಾರೆ.

ಕುದಿಸಿದರೂ ಸಾಯದ್ದು ಯಾವುದು?

ಬ್ಯಾಸಿಲಸ್ ಸಿರಿಯಸ್ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಅಕ್ಕಿ, ಗೋಧಿ, ಮಸಾಲೆ ಪುಡಿ, ಹಾಲು ಹೀಗೆ ಎಲ್ಲೆಡೆ ಸ್ವಲ್ಪ ಸ್ವಲ್ಪ ಇರುತ್ತದೆ. ಕಷ್ಟಕಾಲ ಬಂದರೆ ಇದು ಗಟ್ಟಿ ಕವಚದೊಳಗೆ ಮುದುಡಿಕೊಂಡು 'ಸ್ಪೋರ್' ಎಂಬ ರೂಪ ತಾಳುತ್ತದೆ. ಒಣಗಿದ ಬೀಜ ಮಳೆಗೆ ಕಾಯುವ ಹಾಗೆ. ಕುದಿಯುವ ನೀರಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಸ್ಪೋರ್‌ಗಳಲ್ಲಿ ಹಲವು ಬದುಕಿ ಉಳಿಯುತ್ತವೆ.

ಅಡುಗೆ ನಿಧಾನವಾಗಿ ಉಗುರುಬೆಚ್ಚಗಾದಾಗ ಈ ಸ್ಪೋರ್‌ಗಳು ಮೊಳೆತು ಮತ್ತೆ ಬ್ಯಾಕ್ಟೀರಿಯಾ ಆಗುತ್ತವೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದುಕೊಂಡರೂ, ಒಂದೇ ಒಂದು ಬ್ಯಾಕ್ಟೀರಿಯಾ ಆರು ಗಂಟೆಯಲ್ಲಿ 4,096 ಆಗುತ್ತದೆ. ಹೀಗೆ ಬೆಳೆಯುವಾಗ ಕೆಲವು ತಳಿಗಳು 'ಸೆರುಲೈಡ್' ಎಂಬ ವಿಷವನ್ನು ಆಹಾರದೊಳಗೇ ಬಿಡುತ್ತವೆ. ಇದು 121 ಡಿಗ್ರಿ ಶಾಖವನ್ನೂ ತಡೆದುಕೊಳ್ಳುತ್ತದೆ. ಅಂದರೆ ಪ್ರೆಷರ್ ಕುಕ್ಕರ್‌ನಲ್ಲಿ ಇಟ್ಟರೂ ಹೋಗುವುದಿಲ್ಲ.

ಹಾಗಾಗಿ ಚೆನ್ನಾಗಿ ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು; ಅದು ಬಿಟ್ಟುಹೋದ ವಿಷ ಅಲ್ಲೇ ಇರುತ್ತದೆ.

ಟ್ರೇ ದೊಡ್ಡದಾದರೆ ಏನು ವ್ಯತ್ಯಾಸ?

ಒಬ್ಬರ ತಟ್ಟೆಯಲ್ಲಿರುವ ಪಾಸ್ತಾ ಹತ್ತು ನಿಮಿಷದಲ್ಲಿ ಆರುತ್ತದೆ. ಆಳವಾದ ಟ್ರೇಯಲ್ಲಿ ಒತ್ತಿ ತುಂಬಿದ ಪಾಸ್ತಾ ಹಾಗಲ್ಲ. ಶಾಖ ನಡುವಿನಿಂದ ಅಂಚಿಗೆ ನಿಧಾನವಾಗಿ ಸಾಗಬೇಕು. ದಪ್ಪ ಎರಡು ಪಟ್ಟಾದರೆ ಆರಲು ಹಿಡಿಯುವ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಮೇಲೆ ಚೀಸ್‌ನ ಪದರ, ಅದರ ಮೇಲೆ ಫಾಯಿಲ್ ಬೇರೆ ಮುಚ್ಚಿದ್ದರೆ ಕಂಬಳಿ ಹೊದಿಸಿದಂತೆ. ಮುಟ್ಟಿದರೆ ಅಂಚು ತಣ್ಣಗಿರುತ್ತದೆ, ನಡುಭಾಗ ಮಾತ್ರ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 60 ಡಿಗ್ರಿ ನಡುವಿನ ಉಷ್ಣತೆಯನ್ನು ಅಪಾಯದ ವಲಯ ಎನ್ನುತ್ತದೆ. ಬೇಯಿಸಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಅದರ ಸಲಹೆ. ಹವೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಏಪ್ರಿಲ್‌ನ ಕಲಬುರಗಿ, ರಾಯಚೂರಿನಲ್ಲಿ ಈ ಒಂದು ಗಂಟೆಯ ಲೆಕ್ಕವೇ ಸರಿ.

ಖೀಮಾ ಹಾಕಿದ ಪಾಸ್ತಾಕ್ಕೆ ಇನ್ನೊಂದು ಎಚ್ಚರ ಬೇಕು. 'ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್' ಎಂಬ ಮತ್ತೊಂದು ಬ್ಯಾಕ್ಟೀರಿಯಾ ದೊಡ್ಡ ಪಾತ್ರೆಯಲ್ಲಿ ಮಾಡಿ ನಿಧಾನವಾಗಿ ಆರಿದ ಮಾಂಸದ ಅಡುಗೆಯಲ್ಲಿ ಬೆಳೆಯುತ್ತದೆ. ಅದೂ ಸ್ಪೋರ್ ಮಾಡುವ ಜಾತಿಯೇ.

ಹರಿದಾಡುವ ಮಾತುಗಳು, ಒಂದೊಂದಾಗಿ

*"ಓವನ್ 180 ಡಿಗ್ರಿ ಇರುತ್ತದೆ, ಎಲ್ಲವೂ ಸಾಯುತ್ತದೆ."* ತಪ್ಪು. 180 ಡಿಗ್ರಿ ಇರುವುದು ಓವನ್‌ನ ಗಾಳಿಯಲ್ಲಿ. ಸಾಸ್‌ನಲ್ಲಿ ನೀರಿರುವವರೆಗೆ ಪಾಸ್ತಾದ ಒಳಭಾಗ ಸುಮಾರು 100 ಡಿಗ್ರಿ ದಾಟುವುದಿಲ್ಲ. ಸ್ಪೋರ್‌ಗೂ ಸೆರುಲೈಡ್‌ಗೂ ಅದು ಸಾಲದು.

*"ಬಿಸಿ ಅಡುಗೆ ಫ್ರಿಜ್‌ನಲ್ಲಿ ಇಡಬಾರದು."* ಅರ್ಧ ಸತ್ಯ. ದೊಡ್ಡ ಬಿಸಿ ಪಾತ್ರೆಯನ್ನು ಹಾಗೇ ತಳ್ಳಿದರೆ ಫ್ರಿಜ್ ಬಿಸಿಯಾಗುತ್ತದೆ, ಪಕ್ಕದ ಹಾಲು ಮೊಸರಿಗೂ ತೊಂದರೆ. ಬಿಸಿ ಗಾಜಿನ ಪಾತ್ರೆ ಒಡೆಯಲೂಬಹುದು. ಆದರೆ ಅಡುಗೆ ವಿಷವಾಗುವುದಿಲ್ಲ. ಪೂರ್ತಿ ತಣ್ಣಗಾಗಲಿ ಎಂದು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವುದೇ ಹೆಚ್ಚು ಅಪಾಯ. ಎರಡು ಅಂಗುಲಕ್ಕಿಂತ ಆಳವಿಲ್ಲದ ಡಬ್ಬಿಗಳಿಗೆ ಹಂಚಿ, ಹಬೆ ಹೋದ ಮೇಲೆ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

*"ವಾಸನೆ ಬಂದಿಲ್ಲ, ಹಾಗಾದರೆ ಕೆಟ್ಟಿಲ್ಲ."* ನಂಬಬೇಡಿ. ಸೆರುಲೈಡ್‌ಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

*"ತಣ್ಣಗಾದ ಪಾಸ್ತಾ ಶುಗರ್ ಇರುವವರಿಗೆ ಒಳ್ಳೆಯದು."* ಇದರಲ್ಲಿ ಸ್ವಲ್ಪ ಸತ್ಯವಿದೆ. ತಣ್ಣಗಾದಾಗ ಪಿಷ್ಟದ ಒಂದು ಪಾಲು ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಆದರೆ ಅದು ಒಂದು ಪಾಲು ಮಾತ್ರ. ತಟ್ಟೆ ತುಂಬ ತಿನ್ನಲು ಪರವಾನಗಿ ಅಲ್ಲ. ತಣ್ಣಗಾಗಬೇಕಾದದ್ದೂ ಫ್ರಿಜ್‌ನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲಲ್ಲ.

*"ನಾವು ತಂಗಳನ್ನ ತಿಂದೇ ಬೆಳೆದವರು, ಏನೂ ಆಗಿಲ್ಲ."* ತಂಗಳನ್ನವನ್ನು ನೀರಿನಲ್ಲಿ ನೆನೆಸಿಡುತ್ತೇವೆ, ಅದು ಹುಳಿ ಬರುತ್ತದೆ. ಹುಳಿ ಹೆಚ್ಚಿದಂತೆ ಬ್ಯಾಸಿಲಸ್ ಸಿರಿಯಸ್‌ಗೆ ಬೆಳೆಯಲು ಕಷ್ಟ. ಪ್ರಯಾಣಕ್ಕೆ ಹುಣಸೆಹುಳಿಯ ಪುಳಿಯೋಗರೆ ಕಟ್ಟಿಕೊಳ್ಳುವುದರ ಹಿಂದೆಯೂ ಇದೇ ಗುಟ್ಟಿದೆ. ಹಾಲು, ಬೆಣ್ಣೆ, ಮೈದಾದ ಬಿಳಿ ಸಾಸ್‌ನಲ್ಲಿ ಹುಳಿಯಿಲ್ಲ. ಹಾಗಾಗಿ ಹೋಲಿಕೆ ಸರಿಹೊಂದುವುದಿಲ್ಲ.

*"ಪಾಸ್ತಾ ಅಂದರೆ ಮೈದಾ."* ಎಲ್ಲವೂ ಅಲ್ಲ. ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಿಂದ ಕಾನೂನೇ ಇದೆ. ನಾವು ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆ ಕೂಡ ಡ್ಯೂರಮ್ ಜಾತಿಯ ಗೋಧಿಯದ್ದೇ. ಆದರೆ ಅಂಗಡಿಯಲ್ಲಿ ಮೈದಾ ಬೆರೆತ ಪಾಸ್ತಾವೂ ಸಿಗುತ್ತದೆ. ಪ್ಯಾಕೆಟ್ ಹಿಂದಿನ ಪಟ್ಟಿ ಓದಿ.

*"ನೀರಿಗೆ ಎಣ್ಣೆ ಹಾಕಿದರೆ ಅಂಟುವುದಿಲ್ಲ, ಉಪ್ಪು ಹಾಕಿದರೆ ಬೇಗ ಬೇಯುತ್ತದೆ."* ಎಣ್ಣೆ ನೀರಿನ ಮೇಲೆ ತೇಲುತ್ತದೆ, ಅಂಟದಿರಲು ಮೊದಲ ಒಂದೆರಡು ನಿಮಿಷ ಕೈಯಾಡಿಸಬೇಕು. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಕುದಿಯುವ ಬಿಂದು 0.2 ಡಿಗ್ರಿಯಷ್ಟೂ ಏರುವುದಿಲ್ಲ. ಉಪ್ಪು ರುಚಿಗೆ ಮಾತ್ರ.

ಹಾಗಾದರೆ ಇಪ್ಪತ್ತು ಜನರಿಗೆ ಮಾಡುವುದು ಹೇಗೆ?

ಲೆಕ್ಕ ಹೀಗಿರಲಿ. ಒಬ್ಬರಿಗೆ 80 ಗ್ರಾಂ ಒಣ ಪಾಸ್ತಾ ಎಂದರೆ ಒಟ್ಟು 1.6 ಕಿಲೋ. ಚೀಸ್ ತಲೆಗೆ 30 ಗ್ರಾಂನಂತೆ 600 ಗ್ರಾಂ. ತರಕಾರಿ ಒಂದೂವರೆ ಕಿಲೋ. ಟೊಮೆಟೊ ಸಾಸ್ ಎರಡು ಲೀಟರ್, ಬಿಳಿ ಸಾಸ್ ಒಂದು ಲೀಟರ್. ಬಿಳಿ ಸಾಸ್‌ಗೆ ಒಂದು ಲೀಟರ್ ಹಾಲಿಗೆ 70 ಗ್ರಾಂ ಬೆಣ್ಣೆ, ಅಷ್ಟೇ ಮೈದಾ ಸಾಕು.

1. ಪಾಸ್ತಾವನ್ನು ಒಂದೇ ಪಾತ್ರೆಯಲ್ಲಿ ತುರುಕಬೇಡಿ. 100 ಗ್ರಾಂಗೆ ಒಂದು ಲೀಟರ್ ನೀರಿನ ಲೆಕ್ಕದಲ್ಲಿ, 400 ಗ್ರಾಂನಂತೆ ನಾಲ್ಕು ಸಲ ಬೇಯಿಸಿ. ಪ್ಯಾಕೆಟ್ ಮೇಲಿನ ಸಮಯಕ್ಕಿಂತ ಎರಡು ಮೂರು ನಿಮಿಷ ಮೊದಲೇ ಇಳಿಸಿ. ಉಳಿದದ್ದು ಓವನ್‌ನಲ್ಲಿ ಸಾಸ್ ಹೀರಿಕೊಂಡು ಬೇಯುತ್ತದೆ. ಹಾಗಾಗಿ ಸಾಸ್ ತುಸು ತೆಳ್ಳಗಿರಲಿ.

2. ಒಂದು ದೊಡ್ಡ ಆಳವಾದ ಟ್ರೇ ಬದಲು ಎರಡು ಅಂಗುಲ ಆಳದ ಮೂರು ನಾಲ್ಕು ಟ್ರೇಗಳಿಗೆ ಹಂಚಿ. ಮನೆಯ ಸಣ್ಣ ಓವನ್‌ಗೂ ಇದೇ ಅನುಕೂಲ: ಒಂದೊಂದಾಗಿ ಬೇಯಿಸಿ ಬಿಸಿಯಾಗಿಯೇ ಬಡಿಸಬಹುದು.

3. ಹಿಂದಿನ ದಿನ ಮಾಡುವುದಾದರೆ ಪಾಸ್ತಾ ಮತ್ತು ಸಾಸ್ ಎರಡನ್ನೂ ಬೇರೆ ಬೇರೆಯಾಗಿ ಅಗಲ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ. ಆಮೇಲೆ ಟ್ರೇಗೆ ಜೋಡಿಸಿ ಫ್ರಿಜ್‌ನಲ್ಲಿಡಿ. ರಾತ್ರಿ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಾದರೆ ಅದೇ ದಿನ ಮಾಡುವುದೇ ಒಳ್ಳೆಯದು.

4. 180 ಡಿಗ್ರಿಯಲ್ಲಿ ಫಾಯಿಲ್ ಮುಚ್ಚಿ ಅರ್ಧ ಗಂಟೆ, ತೆಗೆದು ಹತ್ತು ನಿಮಿಷ. ಫ್ರಿಜ್‌ನಿಂದ ತೆಗೆದ ಟ್ರೇಗೆ ಒಟ್ಟು 50ರಿಂದ 60 ನಿಮಿಷ ಬೇಕಾಗಬಹುದು. ಮೇಲಿನ ಚೀಸ್ ಕೆಂಪಾದ ಮಾತ್ರಕ್ಕೆ ಒಳಗೆ ಬಿಸಿಯಾಗಿದೆ ಎಂದುಕೊಳ್ಳಬೇಡಿ. ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗ 74 ಡಿಗ್ರಿ ಮುಟ್ಟಿದೆಯೇ ನೋಡಿ. ಇಲ್ಲದಿದ್ದರೆ ನಡುವೆ ಚಮಚ ಹಾಕಿ ತೆಗೆದಾಗ ಹಬೆ ಏಳಬೇಕು.

5. ಬಡಿಸಲು ಶುರುವಾದ ಹೊತ್ತನ್ನು ನೆನಪಿಡಿ. ಎರಡು ಗಂಟೆಯೊಳಗೆ ಉಳಿದದ್ದು ಫ್ರಿಜ್ ಸೇರಲಿ. ಮೂರು ನಾಲ್ಕು ದಿನದಲ್ಲಿ ಮುಗಿಸಿ, ಬೇಕಾದಷ್ಟನ್ನೇ ಒಮ್ಮೆ ಮಾತ್ರ ಬಿಸಿ ಮಾಡಿ. ರಾತ್ರಿಯಿಡೀ ಹೊರಗಿದ್ದದ್ದನ್ನು ಎಸೆಯಿರಿ. ಅದನ್ನು ಮನೆಗೆಲಸದವರಿಗೋ ವಾಚ್‌ಮನ್‌ಗೋ ಕೊಡುವುದು ದಾನವಲ್ಲ. ನಾವು ತಿನ್ನಲು ಹೆದರುವುದು ಅವರ ಹೊಟ್ಟೆಯಲ್ಲೂ ಅದೇ ಕೆಲಸ ಮಾಡುತ್ತದೆ.

ಹೊಟ್ಟೆ ಕೆಟ್ಟರೆ?

ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಇಂಥ ವಿಷದ ಸಂಶಯ ಪಡಬಹುದು. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಅಥವಾ ಕಾಯಿಲೆ ಬಿದ್ದವರು ಮಗು, ಗರ್ಭಿಣಿ, ವೃದ್ಧರಾಗಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಏನು ತಿಂದಿರಿ, ಅದು ಎಷ್ಟು ಹೊತ್ತು ಹೊರಗಿತ್ತು ಎಂಬುದನ್ನು ವೈದ್ಯರಿಗೆ ಹೇಳಿ.

ಕೊನೆಗೆ

"ಪಾಸ್ತಾ ತಿಂದರೆ ಸಾವು" ಎಂಬ ಫಾರ್ವರ್ಡ್‌ನಲ್ಲಿ ಘಟನೆ ನಿಜ, ಪಾಠ ತಪ್ಪು. ಬೆಲ್ಜಿಯಂನ ಆ ಅಡುಗೆಮನೆಯಲ್ಲಿ ಪಾಸ್ತಾ ಬದಲು ಅನ್ನ ಇದ್ದಿದ್ದರೂ ಅದೇ ಆಗಬಹುದಿತ್ತು. ಚಿತ್ರಾನ್ನ ಉಳಿಸುವವರಿಗೂ, ಬಿಸಿಬೇಳೆಬಾತ್ ಹಂಡೆಗಟ್ಟಲೆ ಮಾಡುವವರಿಗೂ ಅನ್ವಯಿಸುವ ಮಾತು ಒಂದೇ. ಗ್ರೂಪ್‌ಗೆ ಕಳಿಸುವುದಾದರೆ ಈ ಸಾಲನ್ನು ಕಳಿಸಿ: *ಅಡುಗೆಯನ್ನು ಬಿಸಿಯಾಗಿ ತಿನ್ನಿ; ಉಳಿದರೆ ಸಣ್ಣ ಡಬ್ಬಿಗಳಿಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ; ರಾತ್ರಿಯಿಡೀ ಹೊರಗಿದ್ದದ್ದನ್ನು ಬಿಸಿ ಮಾಡಿ ತಿನ್ನಬೇಡಿ.*