ಖಾಸಗಿ ಬ್ಯಾಂಕುಗಳ ಡಿಜಿಟಲ್ ಓಟ: ಬಾಗಿಲಿಗೆ ತೋರಣ, ಬುನಾದಿಗೆ ಬರ

ಬೆಂಗಳೂರು: ಹೊಸ ತಂತ್ರಜ್ಞಾನದ ಅಳವಡಿಕೆಯಲ್ಲಿ ಖಾಸಗಿ ಬ್ಯಾಂಕುಗಳು ಸದಾ ಮುಂದು ಎಂಬ ಮಾತು ಸುಳ್ಳಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಬಹುತೇಕ ಗ್ರಾಹಕರು ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಾಗಲೇ ಐಸಿಐಸಿಐ ಬ್ಯಾಂಕ್ ಅಂತರ್ಜಾಲ ಬ್ಯಾಂಕಿಂಗ್ ಆರಂಭಿಸಿತ್ತು. ಆದರೆ ತಂತ್ರಜ್ಞಾನದ ಲೋಪಕ್ಕಾಗಿ ರಿಸರ್ವ್ ಬ್ಯಾಂಕಿನ ಕಠಿಣ ನಿರ್ಬಂಧಕ್ಕೆ ಒಳಗಾದ ಪಟ್ಟಿಯಲ್ಲೂ ಎರಡು ದೊಡ್ಡ ಖಾಸಗಿ ಬ್ಯಾಂಕುಗಳಿವೆ ಎಂಬುದು ಗಮನಾರ್ಹ.

2020ರ ನವೆಂಬರ್ 21ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯ ಡಾಟಾ ಸೆಂಟರ್‌ನಲ್ಲಿ ವಿದ್ಯುತ್ ವೈಫಲ್ಯ ಉಂಟಾಗಿ ಅಂತರ್ಜಾಲ ಬ್ಯಾಂಕಿಂಗ್ ಹಾಗೂ ಪಾವತಿ ಸೇವೆಗಳು ಸ್ಥಗಿತಗೊಂಡವು. ಹಿಂದಿನ ಎರಡು ವರ್ಷಗಳಲ್ಲಿಯೂ ಇಂತಹ ವ್ಯತ್ಯಯಗಳು ಸಂಭವಿಸಿದ್ದವು. ಮುಂದಿನ ತಿಂಗಳೇ ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರ ಸೇರ್ಪಡೆಯನ್ನೂ ನಿಲ್ಲಿಸುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತು. ನಿರ್ಬಂಧ ಪೂರ್ಣವಾಗಿ ತೆರವಾದದ್ದು 2022ರ ಮಾರ್ಚ್‌ನಲ್ಲಿ.

ಇದರಿಂದ ಉಳಿದವರು ಪಾಠ ಕಲಿತರೇ? 2024ರ ಏಪ್ರಿಲ್ 24ರಂದು ಕೋಟಕ್ ಮಹೀಂದ್ರ ಬ್ಯಾಂಕಿನ ಸರದಿ ಬಂತು. 2015ರಲ್ಲಿ ಬೆಂಗಳೂರಿನ ಐಎನ್‌ಜಿ ವೈಶ್ಯ ಬ್ಯಾಂಕನ್ನು ತನ್ನೊಳಗೆ ವಿಲೀನಗೊಳಿಸಿಕೊಂಡಿದ್ದ ಈ ಬ್ಯಾಂಕ್ ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವಂತಿಲ್ಲ, ಹೊಸ ಕ್ರೆಡಿಟ್ ಕಾರ್ಡ್ ವಿತರಿಸುವಂತಿಲ್ಲ ಎಂಬ ಆದೇಶ ಹೊರಬಿತ್ತು. 2022 ಮತ್ತು 2023ರ ತಪಾಸಣೆಗಳಲ್ಲಿ ಕಂಡ ಲೋಪಗಳು ಸಕಾಲದಲ್ಲಿ ಸರಿಹೋಗಿರಲಿಲ್ಲ ಎಂಬುದು ಅದಕ್ಕೆ ಕಾರಣ. 2025ರ ಫೆಬ್ರವರಿಯಲ್ಲಷ್ಟೇ ಆ ನಿರ್ಬಂಧ ತೆರವಾಯಿತು.

ಸಮಸ್ಯೆಯ ಮೂಲ ಇರುವುದು ಮನೋಭಾವದಲ್ಲಿ. ಶಾಖೆ ತೆರೆಯಲು ಕಟ್ಟಡ ಬೇಕು, ಸಿಬ್ಬಂದಿ ಬೇಕು. ಮೊಬೈಲ್‌ನಲ್ಲಿ ಖಾತೆ ತೆರೆಸಲು ಇವಾವುವೂ ಬೇಡ. ಹೀಗಾಗಿ ಡಿಜಿಟಲ್ ವ್ಯವಸ್ಥೆಯನ್ನು ಗ್ರಾಹಕರನ್ನು ಅಗ್ಗವಾಗಿ ಸೆಳೆಯುವ ಸಾಧನವೆಂದೇ ಬ್ಯಾಂಕುಗಳು ಭಾವಿಸಿದಂತಿದೆ. ಆ್ಯಪ್‌ನ ಅಂದ ಜಾಹೀರಾತಿನಲ್ಲಿ ಮಿಂಚುತ್ತದೆ. ಹಿನ್ನೆಲೆಯಲ್ಲಿ ದುಡಿಯುವ ಸರ್ವರ್, ಪರ್ಯಾಯ ಡಾಟಾ ಸೆಂಟರ್, ತಂತ್ರಾಂಶದ ದುರಸ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಜಿಟಲ್ ವಹಿವಾಟಿನ ವೇಗದ ಏರಿಕೆ ವ್ಯವಸ್ಥೆಯ ಮೇಲೆ ಹೊರೆ ಹೆಚ್ಚಿಸುತ್ತಿದೆ ಎಂದು ಕೋಟಕ್ ಕುರಿತ ಆದೇಶದಲ್ಲಿ ರಿಸರ್ವ್ ಬ್ಯಾಂಕ್ ಹೇಳಿತ್ತು. ದಂಡ ವಿಧಿಸಿ ಕೈತೊಳೆದುಕೊಳ್ಳದೆ ಹೊಸ ಗ್ರಾಹಕರ ಬಾಗಿಲನ್ನೇ ಮುಚ್ಚಿದ್ದು ಬ್ಯಾಂಕಿಗೆ ನೋವು ತಟ್ಟುವ ಜಾಗ ಯಾವುದೆಂದು ಅರಿತೇ.

ಆದರೆ ಹಳೆಯ ಗ್ರಾಹಕನ ಪಾಡೇನು? 2019ರ ನಿಯಮದಂತೆ, ಯುಪಿಐ ಮೂಲಕ ಕಳುಹಿಸಿದ ಹಣ ಖಾತೆಯಿಂದ ಕಡಿತಗೊಂಡು ಎದುರಿನವರಿಗೆ ತಲುಪದಿದ್ದರೆ ಮರುದಿನದೊಳಗೆ ಹಿಂತಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಆ್ಯಪ್ ತೆರೆಯದೇ ಆಸ್ಪತ್ರೆಯ ಕೌಂಟರ್ ಮುಂದೆ ನಿಂತವನಿಗೆ ಈ ನಿಯಮ ಒದಗುವುದಿಲ್ಲ. ಏಕೆಂದರೆ ಅಲ್ಲಿ ಹಣ ಕಡಿತವೇ ಆಗಿರುವುದಿಲ್ಲ.

ನಗದು ಇಟ್ಟುಕೊಳ್ಳುವ ಅಭ್ಯಾಸವನ್ನೇ ಜನರು ಬಿಡುತ್ತಿರುವಾಗ, ಸೇವೆ ಸ್ಥಗಿತಗೊಂಡ ಗಂಟೆಗಳಿಗೂ ಬ್ಯಾಂಕ್ ಬೆಲೆ ತೆರುವಂತಾಗಬೇಕು. ಬುನಾದಿಗೆ ಹಣ ಹೂಡುವ ಮನಸ್ಸು ಆಗಷ್ಟೇ ಮೂಡೀತು.