ನಾಳೆಯ ಮಾದರಿ ಯಾರ ಕೈಯಲ್ಲಿ?

ಸಾರ್ವಜನಿಕ ಯೋಜನೆಗಳ ಲಾಭ–ನಷ್ಟ ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ಡಿಸ್ಕೌಂಟ್ ದರವೆಂಬುದು ವಿಚಿತ್ರ ಸಾಧನ. ಶೇ 12ರ ದರದಲ್ಲಿ, 30 ವರ್ಷಗಳ ನಂತರ ಸಂಭವಿಸುವ ನೂರು ರೂಪಾಯಿ ಹಾನಿಗೆ ಇಂದಿನ ಕಡತದಲ್ಲಿ ಇರುವ ಬೆಲೆ ಸುಮಾರು 3 ರೂಪಾಯಿ 34 ಪೈಸೆ. ಸೇವೆಯಲ್ಲಿದ್ದಾಗ ಇಂತಹ ಕೋಷ್ಟಕಗಳನ್ನು ನಾನು ಸಾಕಷ್ಟು ಓದಿದ್ದೇನೆ. ಅವುಗಳಲ್ಲಿ ಭವಿಷ್ಯಕ್ಕೆ ಅಂಕಿಯಿರುತ್ತದೆ, ವಾಸನೆಯಿರುವುದಿಲ್ಲ.

ಈ ಕೊರತೆ ತುಂಬಲು ಕೆಲವು ವಿನ್ಯಾಸಕಾರರು ಭವಿಷ್ಯದ ಮಾದರಿಗಳನ್ನು, ಅಂದರೆ ಪ್ರೋಟೋಟೈಪ್‌ಗಳನ್ನು, ಸಿದ್ಧಪಡಿಸಿ ಮುಂದಿಡುತ್ತಿದ್ದಾರೆ. ಭಾರತೀಯ ಮೂಲದ ಅನಬ್ ಜೈನ್ ಸಹಸ್ಥಾಪಕಿಯಾಗಿರುವ ಲಂಡನ್ನಿನ ಸೂಪರ್‌ಫ್ಲಕ್ಸ್ ಸಂಸ್ಥೆ ಸಂಯುಕ್ತ ಅರಬ್ ಎಮಿರೇಟ್ಸ್ ಸರ್ಕಾರಕ್ಕಾಗಿ ಇಂಥದೊಂದು ಕೆಲಸ ಮಾಡಿತು. ಜನ ಕಾರು ಬಿಟ್ಟು ಸಾರ್ವಜನಿಕ ಸಾರಿಗೆ ಬಳಸುವುದನ್ನು ಊಹಿಸಲಾರೆ, ಸ್ವಂತ ಮಗನಿಗೂ ಹಾಗೆ ಹೇಳಲಾರೆ ಎಂದು ಸಭೆಯಲ್ಲಿದ್ದವರೊಬ್ಬರು ವಾದಿಸಿದರಂತೆ. ಆಗ ಜೈನ್ ತಂಡ, ಈಗಿನ ರೂಢಿಯೇ ಮುಂದುವರಿದರೆ 2030ರಲ್ಲಿ ಇರಬಹುದಾದ ಗಾಳಿಯನ್ನು ಅವರಿಗೆ ಉಸಿರಾಡಲು ಕೊಟ್ಟಿತು. ಮರುದಿನವೇ ನವೀಕರಿಸಬಹುದಾದ ಇಂಧನಕ್ಕೆ ಭಾರಿ ಹೂಡಿಕೆ ಘೋಷಣೆಯಾಯಿತೆಂದು ಜೈನ್ 2017ರ ಟೆಡ್ ಉಪನ್ಯಾಸದಲ್ಲಿ ಹೇಳಿದ್ದಾರೆ.

ಸೊಗಸಾದ ಪ್ರಸಂಗ. ಆದರೆ ಆಡಳಿತದಲ್ಲಿ ಪಳಗಿದ ನನಗೆ ಅಳುಕೂ ಆಗುತ್ತದೆ. ಒಂದು ಉಸಿರಿಗೆ ಅಧಿಕಾರಸ್ಥರ ಮನಸ್ಸು ಬದಲಾಗುವುದಾದರೆ, ನಾಳೆ ಇನ್ನೊಬ್ಬರು ಸುಗಂಧದ ಸೀಸೆ ಹಿಡಿದು ಬರಬಹುದು. (ಖಾಲಿ ರಸ್ತೆ, ನಗುವ ಮಕ್ಕಳ ಚಿತ್ರವಿರುವ ಅಪಾರ್ಟ್‌ಮೆಂಟ್ ಕರಪತ್ರಗಳು ಮತ್ತೇನು?) ಮಾದರಿಯ ಹಿಂದಿನ ಊಹೆಗಳು ಬಹಿರಂಗವಾಗಿರಬೇಕು. ಆ ಭವಿಷ್ಯದಲ್ಲಿ ಬಾಳಬೇಕಾದವರಿಗೆ ಅದನ್ನು ಪರೀಕ್ಷಿಸಿ ಬೇಡವೆನ್ನುವ ಹಕ್ಕೂ ಇರಬೇಕು.

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ ಈ ಪರೀಕ್ಷೆಗೆ ಒಳಗಾಗಿ ಗೆದ್ದಿತು. ನಗರಕೇಂದ್ರ ಪ್ರವೇಶಿಸುವ ವಾಹನಗಳಿಗೆ ದಟ್ಟಣೆ ಶುಲ್ಕ ವಿಧಿಸುವ ಯೋಚನೆಗೆ ಅಲ್ಲಿ ಬಹುಮಂದಿಯ ವಿರೋಧವಿತ್ತು. ಆಡಳಿತ ವಾದಕ್ಕಿಳಿಯದೆ 2006ರ ಜನವರಿ 3ರಿಂದ ಜುಲೈ 31ರವರೆಗೆ ಮಾತ್ರ ಶುಲ್ಕ ಜಾರಿಗೊಳಿಸಿತು. ಅದಕ್ಕೂ ಮೊದಲೇ ಬಸ್ಸುಗಳನ್ನು ಹೆಚ್ಚಿಸಿತ್ತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದರಷ್ಟು ಇಳಿದವು. ಆಮೇಲೆ ಶುಲ್ಕವನ್ನು ನಿಲ್ಲಿಸಿದರು; ದಟ್ಟಣೆ ಮರಳಿತು. ಹೀಗೆ ಎರಡೂ ಸ್ಥಿತಿಗಳನ್ನು ಅನುಭವಿಸಿದ ನಗರದ ಮತದಾರರು ಸೆಪ್ಟೆಂಬರಿನ ಜನಮತಗಣನೆಯಲ್ಲಿ ಬಹುಮತದಿಂದ ಒಪ್ಪಿದರು. 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆಯಿತು. ಪ್ರತ್ಯೇಕವಾಗಿ ಮತ ಕೇಳಿದ ಸುತ್ತಲಿನ ಹಲವು ಪುರಸಭೆಗಳಲ್ಲಿ ಜನ ವಿರೋಧಿಸಿದ್ದರೆಂಬುದನ್ನೂ ಮರೆಯುವಂತಿಲ್ಲ.

ನಮ್ಮಲ್ಲಿ ಕ್ರಮ ತಿರುಗುಮುರುಗು. ಮೊದಲು ಸಂಪುಟದ ಒಪ್ಪಿಗೆ, ಆಮೇಲೆ ಜನರಿಗೆ ಚಿತ್ರ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 1,791 ಕೋಟಿ ರೂಪಾಯಿಯ ಉಕ್ಕಿನ ಮೇಲ್ಸೇತುವೆ ಹೀಗೆಯೇ ಬಂದಿತು. 812 ಮರಗಳು ಉರುಳಲಿವೆಯೆಂದು ತಿಳಿದ ನಾಗರಿಕರು 2016ರ ಅಕ್ಟೋಬರ್‌ನಲ್ಲಿ ಮಾನವ ಸರಪಳಿ ನಿರ್ಮಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಪ್ರಯೋಗಗಳೇ ನಡೆದಿಲ್ಲವೆಂದಲ್ಲ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟ್‌ಗೆ ವಾಹನ ಪ್ರವೇಶ ನಿಷೇಧಿಸಲಾಗಿತ್ತು. ಜನ ನಡೆದಾಡಿದರು, ತಜ್ಞರು ಗಾಳಿಯನ್ನು ಅಳೆದರು, ವಾಹನಗಳು ಮರಳಿದವು. ನಾಗರಿಕರ ತೀರ್ಮಾನವನ್ನು ಮತಪೆಟ್ಟಿಗೆಯಲ್ಲಿ ಕೇಳುವ ಹಂತವೇ ಬರಲಿಲ್ಲ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆಯಲಾಯಿತು. ಲಾಲ್‌ಬಾಗ್ ಬಳಿಯ ದ್ವಾರದ ಪ್ರಸ್ತಾಪ ಅದೇ ವರ್ಷ ತೀವ್ರ ವಿರೋಧಕ್ಕೆ ಗುರಿಯಾಯಿತು. ನಮ್ಮಲ್ಲಿ ಮನೆ ಕಟ್ಟುವ ಮುನ್ನ ಮೇಸ್ತ್ರಿ ಸುಣ್ಣದ ಪುಡಿಯಿಂದ ನಿವೇಶನದ ಮೇಲೆ ಗೆರೆ ಎಳೆಯುತ್ತಾನೆ. ಮನೆಯೊಡತಿ ಆ ಗೆರೆಗಳ ನಡುವೆ ಓಡಾಡಿ, ಅಡುಗೆಮನೆ ಇಕ್ಕಟ್ಟಾಯಿತು, ಗೋಡೆ ಸರಿಸು ಎನ್ನುತ್ತಾಳೆ. ಸುರಂಗದ ಪ್ರತಿಯೊಂದು ದ್ವಾರ, ಪ್ರತಿಯೊಂದು ಗಾಳಿಗೊಳವೆ ಬರುವ ಜಾಗದಲ್ಲೂ ಬಿದಿರು, ಬಟ್ಟೆಗಳಿಂದ ನಿಜ ಅಳತೆಯ ಮಾದರಿ ನಿಲ್ಲಿಸಿ, ಕಡಿಯಲಿರುವ ಮರಗಳಿಗೆ ಸುಣ್ಣ ಬಳಿದು, ದಟ್ಟಣೆಯ ಲೆಕ್ಕವನ್ನು ಅಲ್ಲೇ ಫಲಕದಲ್ಲಿ ಬರೆದು, ಮೂರು ತಿಂಗಳು ಬಿಡಲಿ. ವಾರ್ಡ್ ಸಮಿತಿಗಳು ಆ ಜಾಗದಲ್ಲೇ ಸಭೆ ಸೇರಿ ನಿರ್ಣಯ ದಾಖಲಿಸಲಿ. ಇದಕ್ಕೆ ತಗಲುವ ವೆಚ್ಚ ಯೋಜನಾ ವರದಿಯ ಮುದ್ರಣಕ್ಕಿಂತ ಬಹಳ ಹೆಚ್ಚಾಗಲಾರದು.